ಶಿಮ್ಲಾದ ಮೇಜು, ಒಡೆಯರಪಾಳ್ಯದ ಹೊಲ

ಕೊಳ್ಳೇಗಾಲದಿಂದ ಲೊಕ್ಕನಹಳ್ಳಿಯ ಮಾರ್ಗವಾಗಿ ತಮಿಳುನಾಡಿನ ಗಡಿಯತ್ತ ಸಾಗುವ ರಸ್ತೆಯಲ್ಲಿ, ಈಗ ಹನೂರು ತಾಲ್ಲೂಕಿಗೆ ಸೇರಿರುವ ಒಡೆಯರಪಾಳ್ಯದ ಬಳಿ ಟಿಬೆಟನ್ನರ ವಸಾಹತೊಂದಿದೆ. ಅವರು ಅದನ್ನು ಧೋಂಡೆನ್‌ಲಿಂಗ್ ಎಂದು ಕರೆಯುತ್ತಾರೆ. ಸುತ್ತಣ ಹಳ್ಳಿಗಳವರ ಬಾಯಲ್ಲಿ ಅದು ‘ಟಿಬೆಟ್ ಕ್ಯಾಂಪು’. 1970ರ ದಶಕದ ಮೊದಲರ್ಧದಲ್ಲಿ, ಎಂದರೆ ಮೈಸೂರು ರಾಜ್ಯವು ಕರ್ನಾಟಕವೆಂಬ ಹೆಸರನ್ನು ಪಡೆದ ಆಸುಪಾಸಿನ ವರ್ಷಗಳಲ್ಲಿ, ಇದು ರೂಪುಗೊಂಡಿತು. ಇಲ್ಲಿಯ ಹಳ್ಳಿಗಳನ್ನು ಇಂಗ್ಲಿಷ್ ವರ್ಣಮಾಲೆಯ ಅಕ್ಷರಗಳಿಂದ ಗುರುತಿಸುವ ರೂಢಿಯಿದೆ: ಎ ವಿಲೇಜ್, ಬಿ ವಿಲೇಜ್, ಸಿ ವಿಲೇಜ್, ಹೀಗೆ. ಮುಸುಕಿನ ಜೋಳದ ಹೊಲಗಳ ನಡುವೆ ಪ್ರಾರ್ಥನಾ ಪತಾಕೆಗಳು, ಅವುಗಳ ಆಚೆಗೆ ಜೋಗ್‌ಚೆನ್ ಮಠದ ಭವ್ಯ ಕಟ್ಟಡ. ಭಾನುವಾರಗಳಲ್ಲಿ ಮಠವನ್ನು ನೋಡಲು ಬರುವವರ ವಾಹನಗಳ ಸಾಲು ಇರುತ್ತದೆ. ಬಂದವರು ಬುದ್ಧನ ಮೂರ್ತಿಯ ಮುಂದೆ ನಿಂತು ಚಿತ್ರ ತೆಗೆಸಿಕೊಂಡು ಹಿಂದಿರುಗುತ್ತಾರೆ.

ಕೆಲವು ವರ್ಷಗಳ ಹಿಂದೆ ಪದವಿ ತರಗತಿಯ ವಿದ್ಯಾರ್ಥಿಗಳಿಗೆ ‘ನಮ್ಮ ಊರು’ ಎಂಬ ವಿಷಯದ ಮೇಲೆ ಪ್ರಬಂಧ ಬರೆಯಲು ಹೇಳಿದ್ದೆ. ಈ ವಸಾಹತಿನಿಂದ ಬರುತ್ತಿದ್ದ ಹುಡುಗನೊಬ್ಬ ತಪ್ಪಿಲ್ಲದ ಕನ್ನಡದಲ್ಲಿ ಒಂದು ಪುಟ ಬರೆದಿದ್ದ. ಉಳಿದವರೆಲ್ಲ ಊರಿನ ಹೆಸರು ಹೇಗೆ ಬಂತು ಎಂಬ ಸ್ಥಳಪುರಾಣದಿಂದ ಆರಂಭಿಸಿದ್ದರೆ, ಈತನ ಮೊದಲ ವಾಕ್ಯದಲ್ಲಿ ಊರಿನ ಜಾಗದಲ್ಲಿ ಒಂದೇ ಒಂದು ಅಕ್ಷರವಿತ್ತು. ಅಂಕಗಳನ್ನು ಕೊಟ್ಟು ಮುಂದಿನ ಪುಸ್ತಕವನ್ನು ಎತ್ತಿಕೊಂಡೆನಾದರೂ ಆ ಅಕ್ಷರ ಮನಸ್ಸಿನಿಂದ ಹೋಗಲಿಲ್ಲ. ಈ ಊರಿನ ‘ಸ್ಥಳಪುರಾಣ’ವನ್ನು ಎಲ್ಲಿಂದ ಆರಂಭಿಸಬೇಕು?

ಇಪ್ಪತ್ತನೆಯ ಶತಮಾನದ ರಾಜತಾಂತ್ರಿಕ ಸಮ್ಮೇಳನಗಳೆಂದರೆ ನಮ್ಮ ವಿದ್ಯಾರ್ಥಿಗಳಿಗೆ ಸ್ಪರ್ಧಾತ್ಮಕ ಪರೀಕ್ಷೆಗಾಗಿ ಬಾಯಿಪಾಠ ಮಾಡುವ ಒಂದು ಪಟ್ಟಿ. ವರ್ಸೇಲ್ಸ್, ಯಾಲ್ಟಾ, ಬಾಂಡುಂಗ್, ತಾಷ್ಕೆಂಟ್ ಎಂಬ ಹೆಸರುಗಳ ಎದುರಿಗೆ ಒಂದೊಂದು ಇಸವಿ. ಶಿಮ್ಲಾ ಎಂದೊಡನೆ 1972ರ ಭಾರತ–ಪಾಕಿಸ್ತಾನ ಒಪ್ಪಂದವೂ, ತುಸು ಹೆಚ್ಚು ಓದಿದವರಿಗೆ 1945ರ ವೇವೆಲ್ ಸಮ್ಮೇಳನವೂ ನೆನಪಾಗುತ್ತವೆ. 1913–14ರ ಶಿಮ್ಲಾ ಸಮ್ಮೇಳನವನ್ನು ಯಾರೂ ಹೇಳುವುದಿಲ್ಲ. ಒಡೆಯರಪಾಳ್ಯದ ಹೊಲಗಳಿಗೆ ಸಂಬಂಧಿಸಿದ್ದು ಮಾತ್ರ ಅದೇ. ದೂರದೂರದ ಮೇಜುಗಳ ಸುತ್ತ ಕುಳಿತವರು ಬರೆದ, ಅಳಿಸಿದ, ಬದಲಿಸಿದ ಕೆಲವು ಪದಗಳ ಫಲವನ್ನು ನಮ್ಮ ಮೂರು ತಾಲ್ಲೂಕುಗಳ ನೆಲದಲ್ಲಿ ನಿಂತೇ ಓದಬಹುದು ಎಂಬುದನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಅದನ್ನು ಓದಲು ಬೇಕಾದ ಅನುಭವವೂ ಈ ನೆಲಕ್ಕೆ ಇದೆ.

ಮೊದಲಿಗೆ ಒಂದು ಪದದ ವಿಚಾರ. ಟಿಬೆಟ್ ಪ್ರಶ್ನೆಯ ದಾಖಲೆಗಳಲ್ಲೆಲ್ಲ ಇಂಗ್ಲಿಷಿನ ಎರಡು ಪದಗಳು ಎದುರುಬದುರಾಗಿ ನಿಂತಿವೆ. ಒಂದು ‘ಸಾವರಿನ್‌ಟಿ’, ಇನ್ನೊಂದು ‘ಸೂಜರೆನ್‌ಟಿ’. ಪತ್ರಿಕೆಗಳ ಕನ್ನಡದಲ್ಲಿ ಇವೆರಡೂ ಬಹುಮಟ್ಟಿಗೆ ‘ಸಾರ್ವಭೌಮತ್ವ’ವೇ ಆಗಿಬಿಡುತ್ತವೆ. ವಾಸ್ತವದಲ್ಲಿ ವ್ಯತ್ಯಾಸ ದೊಡ್ಡದು. ಸಾರ್ವಭೌಮನೆಂದರೆ ನೆಲದ ಒಡೆಯ. ‘ಸೂಜರೆನ್’ ಎಂದರೆ ಮೇಲೊಬ್ಬ ದೊರೆಯಿದ್ದಾನೆಂದು ಒಪ್ಪಿಕೊಂಡು ತನ್ನ ಒಳಾಡಳಿತವನ್ನು ತಾನೇ ನಡೆಸುವ ಅರಸನಿಗೆ ಮೇಲಿನವನು. ಸಾಮಂತ, ಮಂಡಲೇಶ್ವರ, ಮಹಾಮಂಡಲೇಶ್ವರ ಎಂಬ ಶ್ರೇಣಿಯನ್ನು ಶಾಸನಗಳಲ್ಲಿ ದಿನನಿತ್ಯ ಓದುವ ಕನ್ನಡ ವಿದ್ಯಾರ್ಥಿಗೆ ಈ ಭೇದವನ್ನು ವಿವರಿಸಬೇಕಾದ ಅಗತ್ಯವಿಲ್ಲ. ಪ್ರಸ್ತುತ ಲೇಖನದಲ್ಲಿ ಮೊದಲನೆಯದಕ್ಕೆ ‘ಸಾರ್ವಭೌಮತ್ವ’, ಎರಡನೆಯದಕ್ಕೆ ‘ಅಧಿರಾಜತ್ವ’ ಎಂಬ ಪದಗಳನ್ನು ಬಳಸುತ್ತೇನೆ.

ಈ ಅಧಿರಾಜತ್ವವೆಂಬುದರ ಜೀವಂತ ಮಾದರಿ ಯಳಂದೂರು. 1799ರಲ್ಲಿ ಟಿಪ್ಪು ಸುಲ್ತಾನನ ಪತನಾನಂತರ ಮೈಸೂರು ರಾಜ್ಯವನ್ನು ಹಂಚಿಕೊಂಡಾಗ ಕೊಳ್ಳೇಗಾಲದ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾಗಿ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. ನೆರೆಯ ಯಳಂದೂರು ಮೈಸೂರಿನಲ್ಲೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಾಗೀರಾಗಿ ದತ್ತವಾಯಿತು. ಯಳಂದೂರಿನ ಮೇಲೆ ಜಾಗೀರುದಾರ, ಜಾಗೀರುದಾರನ ಮೇಲೆ ಮೈಸೂರಿನ ಮಹಾರಾಜ, ಮಹಾರಾಜನ ಮೇಲೆ ಬ್ರಿಟಿಷ್ ಪರಮಾಧಿಕಾರ. ಇಂದು ಅರ್ಧ ಗಂಟೆಯ ಬಸ್ಸಿನ ದಾರಿಯಾಗಿರುವ ಎರಡು ಊರುಗಳು ಒಂದೂವರೆ ಶತಮಾನ ಕಾಲ ಎರಡು ಬೇರೆ ಬೇರೆ ರಾಜ್ಯವ್ಯವಸ್ಥೆಗಳಲ್ಲಿ ಬದುಕಿದವು. ಕೊಳ್ಳೇಗಾಲದವರ ಕಾಗದಪತ್ರಗಳು ಕೊಯಮತ್ತೂರಿಗೂ ಮದರಾಸಿಗೂ ಹೋಗುತ್ತಿದ್ದವು, ಯಳಂದೂರಿನವರದು ಮೈಸೂರಿಗೆ. ಆಡುವ ಮಾತು, ಕೊಟ್ಟು ತರುವ ಸಂಬಂಧ, ಬಿಳಿಗಿರಿರಂಗನ ಹಾಗೂ ಮಾದಪ್ಪನ ಪರಿಷೆ ಮಾತ್ರ ಎರಡಕ್ಕೂ ಒಂದೇ. ಗಡಿಯೆಂಬುದು ಮೊದಲು ಕಾಗದದ ಮೇಲೆ ಹುಟ್ಟುತ್ತದೆಂಬುದು ನಮ್ಮ ಹಿರಿಯರಿಗೆ ಗೊತ್ತಿದ್ದ ಸಂಗತಿಯೇ.

1902ರ ಆಗಸ್ಟ್ ತಿಂಗಳಲ್ಲಿ ವೈಸರಾಯ್ ಲಾರ್ಡ್ ಕರ್ಜನ್ ಮೈಸೂರಿಗೆ ಬಂದು ನಾಲ್ವಡಿ ಕೃಷ್ಣರಾಜ ಒಡೆಯರಿಗೆ ರಾಜ್ಯಾಧಿಕಾರವನ್ನು ವಹಿಸಿಕೊಟ್ಟನು. ಆಗ ದಿವಾನರಾಗಿದ್ದವರು ಪೂರ್ಣಯ್ಯನವರ ವಂಶಸ್ಥರೂ ಯಳಂದೂರಿನ ಜಾಗೀರುದಾರರೂ ಆದ ಪಿ. ಎನ್. ಕೃಷ್ಣಮೂರ್ತಿಯವರು (1901–1906). ಆ ದರ್ಬಾರಿನಲ್ಲಿ ಅಧಿರಾಜತ್ವವೆಂಬುದು ಕಣ್ಣಿಗೆ ಕಾಣುವ ವಿಧಿಯಾಗಿತ್ತು: ಮೇಲಿನವನು ಕೊಟ್ಟನು, ಕೆಳಗಿನವನು ಪಡೆದನು. ಮೈಸೂರಿನಲ್ಲಿ ಇದನ್ನು ನೆರವೇರಿಸಿದ ಕರ್ಜನ್ನನೇ ಮರುವರ್ಷದ ಆರಂಭದಲ್ಲಿ ಲಂಡನ್ನಿಗೆ ಬರೆದ ಪತ್ರದಲ್ಲಿ, ಟಿಬೆಟ್ಟಿನ ಮೇಲೆ ಚೀನಾಕ್ಕೆ ಇದೆಯೆನ್ನಲಾದ ಅಧಿರಾಜತ್ವವು ಬರಿಯ ಕಟ್ಟುಕಥೆಯೆಂಬ ಅಭಿಪ್ರಾಯವನ್ನು ಮಂಡಿಸಿದನು. ಅದರ ಬೆನ್ನಿಗೇ ಯಂಗ್‌ಹಸ್ಬೆಂಡ್‌ನ ನೇತೃತ್ವದ ಸೈನ್ಯ ಹಿಮಾಲಯವನ್ನು ದಾಟಿತು. 1904ರ ಸೆಪ್ಟೆಂಬರ್ 7ರಂದು ಲ್ಹಾಸಾದ ಪೊಟಾಲ ಅರಮನೆಯಲ್ಲಿ ಒಪ್ಪಂದಕ್ಕೆ ಮುದ್ರೆ ಬಿತ್ತು. ಹದಿಮೂರನೆಯ ದಲಾಯಿ ಲಾಮಾ ಅಷ್ಟರಲ್ಲಿ ಮಂಗೋಲಿಯಾದ ಕಡೆಗೆ ಹೊರಟುಹೋಗಿದ್ದರು. ಟಿಬೆಟ್ಟಿನ ಮೇಲೆ ಮೊದಲು ಹೊರಿಸಿದ ದಂಡ 75 ಲಕ್ಷ ರೂಪಾಯಿ; ತರುವಾಯ ಅದನ್ನು 25 ಲಕ್ಷಕ್ಕೆ ಇಳಿಸಲಾಯಿತು.

ಕಟ್ಟುಕಥೆಯೆನಿಸಿದ್ದು ಕಟ್ಟಳೆಯಾಗಲು ಹೆಚ್ಚು ಕಾಲ ಹಿಡಿಯಲಿಲ್ಲ. 1906ರಲ್ಲಿ ಬ್ರಿಟನ್ ಚೀನಾದೊಡನೆ ಟಿಬೆಟ್ಟಿನ ಕುರಿತು ಒಪ್ಪಂದ ಮಾಡಿಕೊಂಡಿತು. 1907ರ ಆಗಸ್ಟ್ 31ರಂದು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಬ್ರಿಟನ್ ಮತ್ತು ರಷ್ಯಾ ಸಹಿ ಮಾಡಿದ ಒಪ್ಪಂದದಲ್ಲಿ ಟಿಬೆಟ್ಟಿನ ಮೇಲೆ ಚೀನಾದ ಅಧಿರಾಜತ್ವವನ್ನು ಎರಡೂ ಕಡೆಯವರು ಅಂಗೀಕರಿಸಿದರು. ಪರ್ಷಿಯಾ, ಆಫ್ಘಾನಿಸ್ತಾನ, ಟಿಬೆಟ್ ಮೂರರ ಹಣೆಬರಹವೂ ಆ ಒಂದೇ ದಾಖಲೆಯಲ್ಲಿತ್ತು. ಆ ಮೂರರಲ್ಲಿ ಯಾವುದರ ಪ್ರತಿನಿಧಿಯೂ ಆ ಮೇಜಿನಲ್ಲಿರಲಿಲ್ಲ.

ಟಿಬೆಟ್ಟಿನ ಪ್ರತಿನಿಧಿಗೆ ಸಮಾನ ಆಸನ ದೊರೆತದ್ದು 1913ರ ಅಕ್ಟೋಬರ್ 13ರಂದು ಶಿಮ್ಲಾದಲ್ಲಿ ಆರಂಭವಾದ ಸಮ್ಮೇಳನದಲ್ಲಿ. ಬ್ರಿಟಿಷ್ ಭಾರತದ ಪರವಾಗಿ ವಿದೇಶಾಂಗ ಕಾರ್ಯದರ್ಶಿ ಹೆನ್ರಿ ಮೆಕ್‌ಮಹನ್, ಚೀನಾದ ಪರವಾಗಿ ಇವಾನ್ ಚೆನ್, ಟಿಬೆಟ್ಟಿನ ಪರವಾಗಿ ಮುಖ್ಯಮಂತ್ರಿ ಲೋನ್‌ಚೆನ್ ಶಾತ್ರಾ. ಈ ಮೂರನೆಯ ವ್ಯಕ್ತಿಯ ಮೇಲೆ ನನಗೆ ವಿಶೇಷ ಗೌರವವಿದೆ. ಆತ ಶಿಮ್ಲಾಕ್ಕೆ ಬರುವಾಗ ತನ್ನ ನಾಡಿನ ಪೂರ್ವಸೀಮೆಯ ಹಕ್ಕನ್ನು ಸ್ಥಾಪಿಸಲು ಕಂದಾಯದ ಲೆಕ್ಕಗಳು, ಮಠಗಳ ಕಡತಗಳು ಮುಂತಾದ ಮೂಲದಾಖಲೆಗಳ ಹೊರೆಯನ್ನೇ ಹೊತ್ತು ತಂದಿದ್ದರು. ಯಾವ ಹಳ್ಳಿ ಯಾರಿಗೆ ತೆರಿಗೆ ಕಟ್ಟುತ್ತಿತ್ತು, ಯಾವ ಮಠಕ್ಕೆ ಯಾರು ಗುರುವನ್ನು ನೇಮಿಸುತ್ತಿದ್ದರು ಎಂಬುದೇ ಅವರ ವಾದದ ಆಧಾರ. ನಮ್ಮ ದಾನಶಾಸನಗಳಲ್ಲಿ ಎಲ್ಲೆಕಟ್ಟುಗಳನ್ನು ಹೇಳುವ ಕ್ರಮವನ್ನು ಬಲ್ಲವರಿಗೆ ಇದು ತೀರ ಪರಿಚಿತವಾದ ತರ್ಕ. ಚೀನಾದ ಪ್ರತಿನಿಧಿ ಮುಂದಿಟ್ಟ ತರ್ಕ ಬೇರೆ: ಸೈನ್ಯ ಎಲ್ಲಿಯವರೆಗೆ ಹೋಗಿತ್ತೋ ಅಲ್ಲಿಯವರೆಗೆ ರಾಜ್ಯ.

ಇವೆರಡರ ನಡುವೆ ಮೆಕ್‌ಮಹನ್ ಕಂಡುಕೊಂಡ ಉಪಾಯವೆಂದರೆ ಟಿಬೆಟ್ಟನ್ನು ‘ಹೊರ’ ಮತ್ತು ‘ಒಳ’ ಎಂದು ಎರಡಾಗಿ ವಿಂಗಡಿಸುವುದು. ಹೊರ ಟಿಬೆಟ್ ಚೀನಾದ ಅಧಿರಾಜತ್ವದಲ್ಲಿದ್ದೂ ಸ್ವಾಯತ್ತ. ಒಳ ಟಿಬೆಟ್ಟಿನಲ್ಲಿ ಚೀನಾಕ್ಕೆ ಹೆಚ್ಚಿನ ಅಧಿಕಾರ. ಗೆರೆ ಎಲ್ಲಿ ಹಾಯಬೇಕೆಂಬ ಜಗಳದ ಮುಖ್ಯ ಕ್ಷೇತ್ರ ಪೂರ್ವದ ಖಾಮ್ ಸೀಮೆ. ಈ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು. ಮತ್ತೆ ಅದಕ್ಕೆ ಬರುತ್ತೇನೆ. 1914ರ ಏಪ್ರಿಲ್ 27ರಂದು ಮೂವರೂ ಕರಡಿಗೆ ಸಂಕ್ಷಿಪ್ತ ಸಹಿ ಹಾಕಿದರು. ಎರಡೇ ದಿನಗಳಲ್ಲಿ ಬೀಜಿಂಗ್ ಸರ್ಕಾರ ತನ್ನ ಪ್ರತಿನಿಧಿಯ ಕೃತ್ಯವನ್ನು ನಿರಾಕರಿಸಿತು. ಜುಲೈ 3ರಂದು ಬ್ರಿಟನ್ ಮತ್ತು ಟಿಬೆಟ್ ಇಬ್ಬರೇ ಆ ಒಪ್ಪಂದ ತಮಗೆ ಬಂಧಕವೆಂದು ಘೋಷಿಸಿಕೊಂಡರು. ಈಶಾನ್ಯದ ಗಡಿಯಾಗಿ ಮುಂದೆ ಹೆಸರಾದ ಮೆಕ್‌ಮಹನ್ ರೇಖೆಯಂತೂ ಸಮ್ಮೇಳನದ ಮೂವರ ಸಭೆಯಲ್ಲಿ ನಿರ್ಧಾರವಾದುದಲ್ಲ. ಅದೇ ಮಾರ್ಚ್ 24 ಮತ್ತು 25ರಂದು ದೆಹಲಿಯಲ್ಲಿ ಮೆಕ್‌ಮಹನ್ ಹಾಗೂ ಲೋನ್‌ಚೆನ್ ಶಾತ್ರಾ ಪರಸ್ಪರ ಬರೆದುಕೊಂಡ ಪತ್ರಗಳಲ್ಲಿ ಅದು ನಿಶ್ಚಿತವಾಯಿತು. ಟಿಬೆಟ್ಟಿಗೆ ಒಪ್ಪಂದ ಮಾಡಿಕೊಳ್ಳುವ ಅಧಿಕಾರವೇ ಇರಲಿಲ್ಲ, ಆದುದರಿಂದ ಇದೆಲ್ಲವೂ ಅಸಿಂಧು ಎಂಬುದು ಚೀನಾದ ಅಂದಿನ ಹಾಗೂ ಇಂದಿನ ನಿಲುವು. ಆ ಅಧಿಕಾರವಿತ್ತೆಂದು ಒಪ್ಪಿದರೆ ಮಾತ್ರ ರೇಖೆಗೆ ಬಲ ಬರುತ್ತದೆ ಎಂಬ ಇಕ್ಕಟ್ಟನ್ನು ಸ್ವತಂತ್ರ ಭಾರತ ಬಳುವಳಿಯಾಗಿ ಪಡೆಯಿತು.

ಶಿಮ್ಲಾದಲ್ಲಿ ಈ ಮಾತುಕತೆ ನಡೆಯುತ್ತಿದ್ದ ತಿಂಗಳುಗಳಲ್ಲೇ, 1913ರ ನವೆಂಬರ್‌ನಲ್ಲಿ, ಮೈಸೂರು ಮತ್ತು ಬ್ರಿಟಿಷ್ ಸರ್ಕಾರಗಳ ನಡುವೆ ಹೊಸ ಕೌಲು ಆಯಿತು. 1881ರಲ್ಲಿ ರಾಜ್ಯವನ್ನು ಮರಳಿ ಕೊಡುವಾಗ ಬರೆದಿದ್ದ ವರ್ಗಾವಣೆ ಪತ್ರದ ಜಾಗದಲ್ಲಿ ಇದು ಬಂದಿತು. ‘ಪತ್ರ’ವು ‘ಕೌಲು’ ಆದುದರಿಂದ ಮೈಸೂರಿನ ಗೌರವ ಹೆಚ್ಚಿತೆಂದು ಆಗ ಸಂಭ್ರಮಿಸಲಾಯಿತು. ಎರಡೂ ಕಡೆ ವೈಸರಾಯ್ ಒಬ್ಬನೇ, ಲಾರ್ಡ್ ಹಾರ್ಡಿಂಜ್. ಅಧಿರಾಜತ್ವದ ಪರಿಭಾಷೆಯನ್ನು ಒಂದೇ ಕಾಲದಲ್ಲಿ ಒಂದೇ ಸರ್ಕಾರ ದಕ್ಷಿಣದಲ್ಲೂ ಹಿಮಾಲಯದ ಆಚೆಗೂ ಹೇಗೆ ಬಳಸಿತೆಂಬ ತೌಲನಿಕ ಅಧ್ಯಯನಕ್ಕೆ ಇಲ್ಲಿ ಒಳ್ಳೆಯ ಸಾಮಗ್ರಿಯಿದೆ.

ಗ್ರಂಥಸಂಪಾದನೆಯ ವಿದ್ಯಾರ್ಥಿಗಳಿಗಾಗಿ ಒಂದು ಉಪಕಥೆ. ಬ್ರಿಟಿಷ್ ಭಾರತದ ಒಪ್ಪಂದಗಳ ಅಧಿಕೃತ ಸಂಕಲನಕ್ಕೆ, ಮೂಲ ಸಂಪಾದಕನ ಹೆಸರಿನಿಂದ, ‘ಏಚಿಸನ್ ಸಂಪುಟಗಳು’ ಎನ್ನುವ ವಾಡಿಕೆ. ಅದರ ಹದಿನಾಲ್ಕನೆಯ ಸಂಪುಟ 1929ರಲ್ಲಿ ಪ್ರಕಟವಾದಾಗ ಶಿಮ್ಲಾ ಒಪ್ಪಂದದ ಪಾಠವೇ ಅದರಲ್ಲಿರಲಿಲ್ಲ, ಸಮ್ಮೇಳನದ ಬಗ್ಗೆ ಚಿಕ್ಕ ಟಿಪ್ಪಣಿ ಮಾತ್ರ ಇತ್ತು. 1935ರ ಸುಮಾರಿಗೆ ಓಲಫ್ ಕ್ಯಾರೋ ಎಂಬ ಅಧಿಕಾರಿಯ ಗಮನಕ್ಕೆ ಈ ಲೋಪ ಬಂದಿತು. 1938ರಲ್ಲಿ ಒಪ್ಪಂದದ ಪಾಠವನ್ನು ಸೇರಿಸಿ ಹೊಸ ಸಂಪುಟವನ್ನು ಮುದ್ರಿಸಿದರು, ಆದರೆ ಮುಖಪುಟದಲ್ಲಿ 1929 ಎಂಬ ಹಳೆಯ ಇಸವಿಯನ್ನೇ ಉಳಿಸಿಕೊಂಡರು! ಗ್ರಂಥಾಲಯಗಳಿಂದ ಹಳೆಯ ಪ್ರತಿಗಳನ್ನು ಹಿಂದಕ್ಕೆ ತರಿಸಿಕೊಳ್ಳಲಾಯಿತು. ಹಾರ್ವರ್ಡ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಮಾತ್ರ ಮೂಲಪ್ರತಿಯೊಂದು ಉಳಿದುಕೊಂಡಿತ್ತು. 1963ರಲ್ಲಿ ಬ್ರಿಟಿಷ್ ರಾಜತಂತ್ರಜ್ಞ ಜೆ. ಎಂ. ಆಡಿಸ್ ಅದನ್ನು ಕಂಡು ಎರಡನ್ನೂ ಹೋಲಿಸಿದಾಗ ಗುಟ್ಟು ಹೊರಬಿತ್ತು. ತಾಳೆಗರಿಗಳಲ್ಲಿ ಪ್ರಕ್ಷಿಪ್ತ ಪದ್ಯಗಳನ್ನು ಹುಡುಕಿ ಕಣ್ಣು ಸವೆಸಿಕೊಂಡ ನಮ್ಮ ಸಂಪಾದಕರು ಇದನ್ನು ಕೇಳಿದ್ದರೆ ನಕ್ಕಿರುತ್ತಿದ್ದರು. ಪಾಠಾಂತರವೆಂಬುದು ಪ್ರಾಚೀನ ಕಾವ್ಯಗಳಿಗೆ ಮಾತ್ರ ಸೀಮಿತವಲ್ಲ.

ಟಿಬೆಟ್ ಮತ್ತೆ ಒಂದು ಅಂತಾರಾಷ್ಟ್ರೀಯ ವೇದಿಕೆಯಲ್ಲಿ ಕಾಣಿಸಿಕೊಂಡದ್ದು 1947ರ ಮಾರ್ಚ್ 23ರಿಂದ ಏಪ್ರಿಲ್ 2ರವರೆಗೆ ದೆಹಲಿಯ ಪುರಾನಾ ಕಿಲಾದಲ್ಲಿ ನಡೆದ ಏಷ್ಯಾ ಬಾಂಧವ್ಯ ಸಮ್ಮೇಳನದಲ್ಲಿ. ಅಧ್ಯಕ್ಷತೆ ಸರೋಜಿನಿ ನಾಯ್ಡು ಅವರದು. ಟಿಬೆಟ್ಟಿನ ನಿಯೋಗ ತನ್ನ ಧ್ವಜದೊಡನೆ ಬಂದು ಕುಳಿತಿತು. ವೇದಿಕೆಯ ಹಿಂದೆ ಹಾಕಿದ್ದ ಏಷ್ಯಾದ ದೊಡ್ಡ ಭೂಪಟದಲ್ಲಿ ಟಿಬೆಟ್ ಬೇರೆಯಾಗಿ ಕಾಣುತ್ತಿತ್ತು. ಚೀನಾದ ನಿಯೋಗ ಆಕ್ಷೇಪಿಸಿದುದರಿಂದ ಆ ಭೂಪಟವನ್ನು ತಿದ್ದಲಾಯಿತು. ಧ್ವಜ ಉಳಿಯಿತು, ಗೆರೆ ಹೋಯಿತು. ಇದು ಚಿಯಾಂಗ್ ಕೈಷೇಕ್‌ನ ಕಾಲದ ಚೀನಾ ಎಂಬುದನ್ನು ಗಮನಿಸಬೇಕು. ಈ ವಿಷಯದಲ್ಲಿ ಅಲ್ಲಿಯ ರಾಷ್ಟ್ರೀಯವಾದಿಗಳಿಗೂ ಕಮ್ಯೂನಿಸ್ಟರಿಗೂ ಭಿನ್ನಾಭಿಪ್ರಾಯವಿರಲಿಲ್ಲ.

1950ರ ಅಕ್ಟೋಬರ್‌ನಲ್ಲಿ ಚೀನಾದ ಸೈನ್ಯ ಖಾಮ್ ಸೀಮೆಯ ಚಾಮ್ದೊವನ್ನು ಹಿಡಿಯಿತು. ಆಗ ಬೀಜಿಂಗಿನಲ್ಲಿ ಭಾರತದ ರಾಯಭಾರಿಯಾಗಿದ್ದವರು ಸರ್ದಾರ್ ಕೆ. ಎಂ. ಪಣಿಕ್ಕರ್. ಇತಿಹಾಸಕಾರರೂ ಮಲಯಾಳದ ಸಾಹಿತಿಗಳೂ ಆದ ಇವರು ಅದೇ ಆಗಸ್ಟ್‌ನಲ್ಲಿ ಚೀನಾ ಸರ್ಕಾರಕ್ಕೆ ಕೊಟ್ಟ ಟಿಪ್ಪಣಿಯಲ್ಲಿ, ಭಾರತ ಅಲ್ಲಿಯವರೆಗೆ ಬಳಸುತ್ತಿದ್ದ ‘ಸೂಜರೆನ್‌ಟಿ’ಯ ಬದಲು ‘ಸಾವರಿನ್‌ಟಿ’ ಎಂಬ ಪದ ಬಂದಿತೆಂಬುದು ನೆಹರೂ ಯುಗದ ಇತಿಹಾಸವನ್ನು ಬರೆದವರಲ್ಲಿ ಬಹುಚರ್ಚಿತವಾದ ಸಂಗತಿ. ಅದೊಂದು ಪದದಿಂದಲೇ ಚರಿತ್ರೆ ತಿರುಗಿತೆನ್ನುವುದು ಅತಿಶಯೋಕ್ತಿ. ಪದ ಯಾವುದಿದ್ದರೂ ಸೈನ್ಯ ಬರುತ್ತಿತ್ತೆಂದೇ ನನ್ನ ಎಣಿಕೆ. ಆದರೂ ಒಂದು ದೇಶದ ಸ್ಥಾನವನ್ನು ಹಿಡಿದಿಟ್ಟಿದ್ದುದು ಆ ಒಂದು ಪದವೇ ಆಗಿದ್ದಾಗ, ಅದು ಸಡಿಲವಾದುದಕ್ಕೆ ಅರ್ಥವಿಲ್ಲದೆ ಇಲ್ಲ. ಅದೇ ನವೆಂಬರ್‌ನಲ್ಲಿ ಎಲ್ ಸಾಲ್ವಡಾರ್ ಎಂಬ ಪುಟ್ಟ ರಾಷ್ಟ್ರ ಟಿಬೆಟ್ ಪ್ರಶ್ನೆಯನ್ನು ವಿಶ್ವಸಂಸ್ಥೆಯ ಕಾರ್ಯಸೂಚಿಗೆ ಸೇರಿಸಬೇಕೆಂದು ಕೇಳಿತು. ಆ ವರ್ಷಗಳಲ್ಲಿ ವಿಶ್ವಸಂಸ್ಥೆಯಲ್ಲಿ ಭಾರತದ ಕಾಯಂ ಪ್ರತಿನಿಧಿ ನಮ್ಮ ಕರಾವಳಿಯ ಬೆನಗಲ್ ನರಸಿಂಗ ರಾವ್. ಈ ವಿಷಯದಲ್ಲಿ ಮಾತನಾಡಿದವರು ನವಾನಗರದ ಜಾಮ್ ಸಾಹೇಬ್. ಶಾಂತಿಯುತ ಪರಿಹಾರದ ಭರವಸೆಯಿದೆಯೆಂದು ಅವರು ಹೇಳಿದ ಮೇಲೆ ನವೆಂಬರ್ 24ರಂದು ಚರ್ಚೆಯನ್ನು ಮುಂದೂಡಲಾಯಿತು.

ಮುಂದಿನದು ವೇಗವಾಗಿ ನಡೆಯಿತು. 1951ರ ಮೇ 23ರಂದು ಬೀಜಿಂಗಿನಲ್ಲಿ ಹದಿನೇಳು ಅಂಶಗಳ ಒಪ್ಪಂದಕ್ಕೆ ಟಿಬೆಟ್ಟಿನ ನಿಯೋಗದಿಂದ ಸಹಿ ಮಾಡಿಸಲಾಯಿತು. ಅದಕ್ಕೆ ಒತ್ತಿದ ಮುದ್ರೆಗಳು ಬೀಜಿಂಗಿನಲ್ಲೇ ತಯಾರಾದವು. 1954ರ ಏಪ್ರಿಲ್ 29ರಂದು ಭಾರತ ಮತ್ತು ಚೀನಾಗಳ ನಡುವೆ ವ್ಯಾಪಾರ ಹಾಗೂ ಸಂಚಾರದ ಒಪ್ಪಂದವಾಯಿತು. ‘ಪಂಚಶೀಲ’ವೆಂದು ನಾವು ಪಠ್ಯಪುಸ್ತಕಗಳಲ್ಲಿ ಓದುವ ಐದು ತತ್ತ್ವಗಳು ಈ ಒಪ್ಪಂದದ ಪೀಠಿಕೆಯಲ್ಲಿವೆ. ಪೀಠಿಕೆಯನ್ನು ಎಲ್ಲರೂ ಓದುತ್ತಾರೆ, ಶೀರ್ಷಿಕೆಯನ್ನು ಓದುವವರು ಕಡಮೆ. ‘ಚೀನಾದ ಟಿಬೆಟ್ ಪ್ರದೇಶ’ ಎಂಬುದು ಆ ಶೀರ್ಷಿಕೆಯಲ್ಲೇ ಇದೆ. ಯಾತುಂಗ್ ಮತ್ತು ಗ್ಯಾಂತ್ಸೆಗಳಲ್ಲಿ ಬ್ರಿಟಿಷರ ಕಾಲದಿಂದ ಇದ್ದ ಸೈನಿಕ ಕಾವಲನ್ನು ಭಾರತ ಹಿಂತೆಗೆದುಕೊಂಡಿತು. ಒಪ್ಪಂದದ ಅವಧಿ ಎಂಟು ವರ್ಷ. ಮರುವರ್ಷ ಬಾಂಡುಂಗಿನಲ್ಲಿ 29 ರಾಷ್ಟ್ರಗಳು ಸೇರಿದಾಗ, ದೆಹಲಿಯಲ್ಲಿ ಎಂಟು ವರ್ಷಗಳ ಹಿಂದೆ ಕಂಡಿದ್ದ ಆ ಧ್ವಜ ಅಲ್ಲಿರಲಿಲ್ಲ.

ಕೊಳ್ಳೇಗಾಲ ಈ ಕಥೆಯೊಳಗೆ ಬರುವುದು ಇಲ್ಲಿ. 1953ರ ಡಿಸೆಂಬರ್‌ನಲ್ಲಿ ನೇಮಕವಾದ ರಾಜ್ಯ ಪುನರ್ವಿಂಗಡಣಾ ಆಯೋಗದಲ್ಲಿ ಮೂವರಿದ್ದರು: ಅಧ್ಯಕ್ಷ ಫಜಲ್ ಅಲಿ, ಹೃದಯನಾಥ ಕುಂಜ್ರು, ಮತ್ತು ಬೀಜಿಂಗಿನಿಂದ ಹಿಂದಿರುಗಿ ಈಜಿಪ್ಟಿನಲ್ಲೂ ರಾಯಭಾರಿಯಾಗಿದ್ದು ಬಂದಿದ್ದ ಅದೇ ಕೆ. ಎಂ. ಪಣಿಕ್ಕರ್. ಆಯೋಗಕ್ಕೆ ಬಂದ ಮನವಿಪತ್ರಗಳ ಸಂಖ್ಯೆ 1,52,250. ಸದಸ್ಯರು 104 ಸ್ಥಳಗಳಿಗೆ ಹೋಗಿ ಒಂಬತ್ತು ಸಾವಿರಕ್ಕೂ ಹೆಚ್ಚು ಜನರನ್ನು ಕಂಡು ಮಾತನಾಡಿದರು. 1955ರ ಸೆಪ್ಟೆಂಬರ್ 30ರ ವರದಿಯಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಕನ್ನಡ ರಾಜ್ಯಕ್ಕೆ ಸೇರಬೇಕೆಂಬ ಶಿಫಾರಸಿತ್ತು. 1956ರ ನವೆಂಬರ್ 1ರಂದು ಅದು ಮೈಸೂರು ಜಿಲ್ಲೆಗೆ ಬಂದಿತು. 1799ರಲ್ಲಿ ಕೊಳ್ಳೇಗಾಲದವರನ್ನು ಯಾರೂ ಕೇಳಿರಲಿಲ್ಲ, 1955ರಲ್ಲಿ ಕೇಳಿದರು. ಕೇಳಿದವರಲ್ಲಿ ಒಬ್ಬರು, ಐದು ವರ್ಷಗಳ ಹಿಂದೆ ಬೇರೊಂದು ನಾಡಿನ ಸ್ಥಾನವನ್ನು ಕುರಿತ ಟಿಪ್ಪಣಿಯನ್ನು ಬರೆದವರು. ಈ ಕಾಕತಾಳೀಯಕ್ಕೆ ಹೆಚ್ಚಿನ ಅರ್ಥವನ್ನು ಹೊರಿಸಲಾರೆ. ಪಣಿಕ್ಕರರು ಸಮರ್ಥ ವಿದ್ವಾಂಸರು, ಎರಡೂ ಕಡೆ ತಮ್ಮ ಸರ್ಕಾರದ ಕೆಲಸವನ್ನು ಮಾಡಿದವರು. ಆದರೆ ಕೊಳ್ಳೇಗಾಲದ ಕನ್ನಡಿಗನಾಗಿ ನಾನು ಎರಡು ದಾಖಲೆಗಳನ್ನೂ ಅಕ್ಕಪಕ್ಕದಲ್ಲಿಟ್ಟು ಓದದೆ ಇರಲಾರೆ.

1959ರ ಮಾರ್ಚ್ 17ರ ರಾತ್ರಿ ಹದಿನಾಲ್ಕನೆಯ ದಲಾಯಿ ಲಾಮಾ ಲ್ಹಾಸಾವನ್ನು ತೊರೆದು, ಅದೇ 31ರಂದು ಭಾರತವನ್ನು ಪ್ರವೇಶಿಸಿದರು. ಅವರು ದಾಟಿದ್ದು ಲೋನ್‌ಚೆನ್ ಶಾತ್ರಾ ಸಹಿ ಮಾಡಿದ್ದ ಆ ರೇಖೆಯನ್ನೇ. ಬೆನ್ನಿಗೆ ಸಹಸ್ರಾರು ಜನ ಬಂದರು. ವಿಶ್ವಸಂಸ್ಥೆಯ ಮಹಾಸಭೆ 1959ರಲ್ಲಿ 45 ಪರ, 9 ವಿರುದ್ಧ ಮತಗಳಿಂದ ನಿರ್ಣಯವೊಂದನ್ನು ಅಂಗೀಕರಿಸಿತು. ಭಾರತವೂ ಸೇರಿದಂತೆ 26 ರಾಷ್ಟ್ರಗಳು ತಟಸ್ಥವಾಗಿದ್ದವು. 1961ರಲ್ಲಿ ಮತ್ತೊಂದು ನಿರ್ಣಯ, 1965ರಲ್ಲಿ ಮೂರನೆಯದು. ಮೂರನೆಯದಕ್ಕೆ ಭಾರತ ಪರವಾಗಿ ಮತ ನೀಡಿತು. ನಡುವೆ 1962ರ ಯುದ್ಧ ಆಗಿಹೋಗಿತ್ತು.

ನಿರಾಶ್ರಿತರಿಗೆ ಭೂಮಿ ಕೊಡುವಂತೆ ನೆಹರೂ ರಾಜ್ಯಗಳನ್ನು ಕೇಳಿದಾಗ ಮೈಸೂರು ಮುಂದೆ ಬಂದುದು ಸುಪ್ರಸಿದ್ಧ. ಈ ಔದಾರ್ಯಕ್ಕೆ ಎಸ್. ನಿಜಲಿಂಗಪ್ಪನವರ ಹೆಸರನ್ನು ಟಿಬೆಟನ್ನರು ಇಂದಿಗೂ ಕೃತಜ್ಞತೆಯಿಂದ ಹೇಳುತ್ತಾರೆ. ಸಂಶೋಧಕರು ಕಾಲಾನುಕ್ರಮವನ್ನೂ ಗಮನಿಸಬೇಕಾಗುತ್ತದೆ. ಬೈಲುಕುಪ್ಪೆಯ ಮೊದಲ ವಸಾಹತು ಆರಂಭವಾದದ್ದು 1960ರಲ್ಲಿ. ಆಗ ಮುಖ್ಯಮಂತ್ರಿಯಾಗಿದ್ದವರು ಬಿ. ಡಿ. ಜತ್ತಿ (1958–1962). ಮುಂಡಗೋಡದ ವಸಾಹತು ರೂಪುಗೊಂಡ 1966ರಲ್ಲಿ ನಿಜಲಿಂಗಪ್ಪನವರು ಅಧಿಕಾರದಲ್ಲಿದ್ದರು. ಬೈಲುಕುಪ್ಪೆಯ ಎರಡನೆಯ ವಸಾಹತು, ಹುಣಸೂರಿನ ಬಳಿಯ ಗುರುಪುರ, ಕೊನೆಗೆ ಒಡೆಯರಪಾಳ್ಯ ಅನಂತರದವು; ಕೊನೆಯದು ದೇವರಾಜ ಅರಸರ ಆಡಳಿತದ ಕಾಲದ್ದು. ಜನರ ನೆನಪು ಒಬ್ಬರ ಹೆಸರನ್ನು ಹಿಡಿದುಕೊಳ್ಳುತ್ತದೆ. ಜತ್ತಿಯವರ ಹೆಸರನ್ನು ಅದರ ಪಕ್ಕದಲ್ಲಿ ಬರೆದರೆ ನಿಜಲಿಂಗಪ್ಪನವರ ಗೌರವಕ್ಕೇನೂ ಕುಂದಿಲ್ಲ.

ಶರಣಾಗತ ರಕ್ಷಣೆಯ ಮಾತು ಬಂದಾಗ ಕನ್ನಡ ವಿದ್ಯಾರ್ಥಿಗೆ ಆದಿಕವಿ ಪಂಪನ ಆಶ್ರಯದಾತ ನೆನಪಾಗಲೇಬೇಕು. ವೇಮುಲವಾಡದ ಅರಿಕೇಸರಿ ರಾಷ್ಟ್ರಕೂಟರ ಸಾಮಂತ. ತನ್ನಲ್ಲಿ ಆಶ್ರಯ ಬೇಡಿ ಬಂದ ವಿಜಯಾದಿತ್ಯನನ್ನು ಚಕ್ರವರ್ತಿ ಗೊಜ್ಜಿಗನಿಗೆ ಒಪ್ಪಿಸದೆ ಕಾಪಾಡಿದನೆಂಬುದನ್ನು ಪಂಪ ತನ್ನ ಭಾರತದಲ್ಲಿ ಅಭಿಮಾನದಿಂದ ದಾಖಲಿಸಿದ್ದಾನೆ. ಅಧಿರಾಜನನ್ನು ಎದುರು ಹಾಕಿಕೊಂಡ ಸಾಮಂತನ ಪ್ರಶಂಸೆ ಕನ್ನಡದ ಮೊದಲ ಮಹಾಕವಿಯಲ್ಲೇ ಇದೆಯೆಂಬುದು ಸಣ್ಣ ಸಂಗತಿಯೇನಲ್ಲ. ಹಾಗೆಂದು ಬೈಲುಕುಪ್ಪೆಯನ್ನೂ ವೇಮುಲವಾಡವನ್ನೂ ಸಮೀಕರಿಸಿ ವಿಚಾರಸಂಕಿರಣದ ಪ್ರಬಂಧ ಹೊಸೆಯುವುದು ಬೇಡ. ನಮ್ಮ ಜನ ಭೂಮಿ ಕೊಡುವಾಗ ಪಂಪನನ್ನು ಓದಿರಲಿಲ್ಲ.

ಖಾಮ್‌ಗೆ ಹಿಂದಿರುಗುತ್ತೇನೆಂದು ಹೇಳಿದ್ದೆ. ಒಡೆಯರಪಾಳ್ಯದ ಜೋಗ್‌ಚೆನ್ ಮಠದ ಮೂಲಸ್ಥಾನ ಖಾಮ್ ಸೀಮೆಯ ದೆರ್ಗೆಯಲ್ಲಿದೆ. ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ಸ್ಥಾಪಿತವಾದ ಮಠವದು. ಶಿಮ್ಲಾದಲ್ಲಿ ‘ಒಳ’–‘ಹೊರ’ ಎಂದು ಗೆರೆ ಎಳೆಯಲು ತಿಂಗಳುಗಟ್ಟಲೆ ವಾದಿಸಿದ್ದು ಆ ಸೀಮೆಯ ಕುರಿತೇ. ಲೋನ್‌ಚೆನ್ ಶಾತ್ರಾ ಹೊತ್ತು ತಂದ ಕಡತಗಳು ಅಂಥ ಮಠಗಳ ಲೆಕ್ಕಗಳನ್ನೇ ಒಳಗೊಂಡಿದ್ದವು. ಅದೇ ಪರಂಪರೆಯ ಏಳನೆಯ ಜೋಗ್‌ಚೆನ್ ರಿನ್‌ಪೋಚೆಯವರ ನೇತೃತ್ವದಲ್ಲಿ ಇಲ್ಲಿ ಪುನಃ ಕಟ್ಟಿದ ಮಠವನ್ನು ದಲಾಯಿ ಲಾಮಾ 1992ರಲ್ಲಿ ಉದ್ಘಾಟಿಸಿದರು. ಭಾನುವಾರ ಬಂದು ಚಿತ್ರ ತೆಗೆಸಿಕೊಳ್ಳುವವರಿಗೆ ಈ ಎಳೆಯನ್ನು ಹೇಳುವ ಒಂದು ಫಲಕ, ಕನ್ನಡದಲ್ಲಿ, ಅಲ್ಲಿದ್ದರೆ ಚೆನ್ನಾಗಿತ್ತು.

ಆ ಹುಡುಗನ ಪ್ರಬಂಧವನ್ನು ಓದಿದ ಮೇಲೆ ಒಂದು ದಿನ ಅವನೊಡನೆ ಅವರ ಹಳ್ಳಿಗೆ ಹೋಗಿದ್ದೆ. ಅವನ ತಾತ ಮನೆಯ ಮುಂದಿನ ಜಗಲಿಯಲ್ಲಿ ಜಪಮಣಿ ಎಣಿಸುತ್ತ ಕುಳಿತಿದ್ದರು. ಅವರ ಕನ್ನಡ ಅಪ್ಪಟ ಕೊಳ್ಳೇಗಾಲದ್ದು. ‘ನಾವು ಬಂದಾಗ ಇಲ್ಲಿ ಬರೀ ಕಾಡು ಸಾ. ಆನೆ ಓಡ್ಸದೇ ಒಂದ್ ಕೆಲ್ಸ’ ಎಂದರು. ಆನೆಯ ಕಾಟ ಈಗಲೂ ಮುಗಿದಿಲ್ಲವಂತೆ; ಜೋಳ ಹಾಲುಗಟ್ಟುವ ಹೊತ್ತಿಗೆ ರಾತ್ರಿಯೆಲ್ಲ ಕಾವಲು. ಶಿಮ್ಲಾ ಸಮ್ಮೇಳನದ ವಿಷಯ ಕೇಳಿದೆ. ಶಿಮ್ಲಾ ಅವರಿಗೆ ಗೊತ್ತು: ಆ ಗುಡ್ಡಗಳ ಕಡೆ ರಸ್ತೆ ಕೆಲಸದಲ್ಲಿ ಕಲ್ಲು ಒಡೆದಿದ್ದರು. ಸಮ್ಮೇಳನ ಗೊತ್ತಿಲ್ಲ. ಅವರ ಕಾಲಗಣನೆಯೇ ಬೇರೆ. ಅಸ್ಸಾಮಿನ ಮಿಸ್ಸಾಮಾರಿ ಶಿಬಿರದ ಸೆಕೆ, ಅಲ್ಲಿ ತೀರಿಕೊಂಡ ತಂಗಿ, ರಸ್ತೆ ಕೆಲಸದ ವರ್ಷಗಳು, ಆಮೇಲೆ ಲಾರಿಯಲ್ಲಿ ಇಲ್ಲಿಗೆ. ಸ್ವೆಟರ್ ಮಾರಲು ಚಳಿಗಾಲದಲ್ಲಿ ಹೋಗಿಬಂದ ಊರುಗಳ ಹೆಸರುಗಳನ್ನು ಬೆರಳು ಮಡಿಸುತ್ತ ಎಣಿಸಿದರು.

ಇಂಥ ಹಿರಿಯರಲ್ಲಿ ಟಿಬೆಟ್ಟಿನಲ್ಲೇ ಹುಟ್ಟಿದವರು ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ಅವರ ಮೊಮ್ಮಕ್ಕಳು ಬೆಂಗಳೂರಿಗೂ ವಿದೇಶಗಳಿಗೂ ಹೊರಟಿದ್ದಾರೆ. ಮಾದಪ್ಪನ ಕಾವ್ಯಕ್ಕಾಗಿಯೂ ಸೋಲಿಗರ ಹಾಡುಗಳಿಗಾಗಿಯೂ ಈ ಬೆಟ್ಟಗಳನ್ನು ಹತ್ತಿಳಿದ ಕನ್ನಡ ಕ್ಷೇತ್ರಕಾರ್ಯಕ್ಕೆ ಧೋಂಡೆನ್‌ಲಿಂಗ್ ಇನ್ನೂ ಹೊರಗೇ ಉಳಿದಂತಿದೆ. ಅಲ್ಲಿ ಕನ್ನಡದಲ್ಲಿಯೇ ಹೇಳಬಲ್ಲ ವಕ್ತೃಗಳಿದ್ದಾರೆ, ಭಾಷಾಂತರದ ತೊಡಕೂ ಇಲ್ಲ. ಪಿಎಚ್.ಡಿ. ವಿಷಯಗಳಿಗಾಗಿ ಪರದಾಡುವವರು ಕೊಳ್ಳೇಗಾಲದಲ್ಲಿ ಬಸ್ಸು ಹತ್ತಿದರೆ ಸಾಕು.

2008ರ ಅಕ್ಟೋಬರ್ 29ರಂದು ಬ್ರಿಟನ್ನಿನ ವಿದೇಶಾಂಗ ಸಚಿವರು ಪಾರ್ಲಿಮೆಂಟಿಗೆ ಕೊಟ್ಟ ಲಿಖಿತ ಹೇಳಿಕೆಯಲ್ಲಿ, ಟಿಬೆಟ್ಟಿನ ಮೇಲೆ ಚೀನಾಕ್ಕಿರುವುದು ಅಧಿರಾಜತ್ವ ಮಾತ್ರವೆಂಬ ಶತಮಾನದ ನಿಲುವನ್ನು ಕಾಲಬಾಹಿರವೆಂದು ಕೈಬಿಟ್ಟರು. ಕರ್ಜನ್ನನ ಪತ್ರದಿಂದ ನೂರೈದು ವರ್ಷ ಎಳೆದಾಡಿದ ಪದಕ್ಕೆ ಅಲ್ಲಿಗೆ ತೆರೆ ಬಿದ್ದಿತು. ಆ ವಾರ್ತೆ ನಮ್ಮ ಪತ್ರಿಕೆಗಳಲ್ಲಿ ಬಂದದ್ದು ನನಗೆ ನೆನಪಿಲ್ಲ. ಒಡೆಯರಪಾಳ್ಯದಲ್ಲಿ ಆಗ ಜೋಳದ ಕಟಾವಿನ ಕಾಲ.

ಹೊರಡುವ ಮುನ್ನ ಆ ಹಿರಿಯರು ನನ್ನ ಟಿಪ್ಪಣಿ ಪುಸ್ತಕದ ಕಡೆ ನೋಡಿ, ‘ಏನ್ ಬರ್ಕಂಡ್ರಿ ಮೇಷ್ಟ್ರೇ, ವಸಿ ಓದಿ ಏಳಿ’ ಎಂದರು. ಓದಿದೆ. ತಾವು ಹುಟ್ಟಿದ ಹಳ್ಳಿಯ ಹೆಸರು ಬಂದಲ್ಲಿ ಕೈಯೆತ್ತಿ ತಡೆದರು. ನಾನು ಬರೆದುಕೊಂಡ ಉಚ್ಚಾರ ತಪ್ಪಾಗಿತ್ತು. ಅವರು ಮೂರು ಬಾರಿ ನಿಧಾನವಾಗಿ ಹೇಳಿದರು. ಕನ್ನಡ ಲಿಪಿಯಲ್ಲಿ ಅದಕ್ಕೆ ಸರಿಯಾದ ಅಕ್ಷರವಿಲ್ಲದೆ ಎರಡು ಬಾರಿ ಹೊಡೆದುಹಾಕಿ ಮೂರನೆಯ ಬಾರಿ ಬರೆದುಕೊಂಡೆ. ಮೊಮ್ಮಗ ಇಣುಕಿ ನೋಡಿ, ಈಗ ಹತ್ತಿರ ಬಂತು ಎಂದ.